ಗೂಗಲ್‌ಗೆ ಕಾಫಿಯ ರುಚಿ ಗೊತ್ತಿಲ್ಲ: ಸಣ್ಣ ಕಾಫಿ ವ್ಯಾಪಾರಕ್ಕೆ ಎಸ್‌ಇಒ

ಬರೀ ‘ಕಾಫಿ’ ಅಂತ ಟೈಪ್ ಮಾಡಿ ಹುಡುಕುವವರಿಗೆ ಏನು ಬೇಕಿರುತ್ತದೆ? ಹೇಳುವುದು ಕಷ್ಟ. ಒಬ್ಬರಿಗೆ ಹತ್ತಿರದಲ್ಲಿ ಕೂತು ಕುಡಿಯುವ ಜಾಗ ಬೇಕು. ಇನ್ನೊಬ್ಬರು ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಕಾಫಿ ಗಿಡದ ಚಿತ್ರ ಹುಡುಕುತ್ತಿರಬಹುದು. ಮತ್ತೊಬ್ಬರಿಗೆ ಸಂಜೆ ಕುಡಿದ ಕಾಫಿಯಿಂದ ನಿದ್ದೆ ಕೆಟ್ಟ ಚಿಂತೆ. ಈ ಒಂದು ಪದಕ್ಕಾಗಿ ವಿಶ್ವಕೋಶಗಳು, ಆರೋಗ್ಯದ ತಾಣಗಳು, ದೊಡ್ಡ ಬ್ರ್ಯಾಂಡ್‌ಗಳು ಎಲ್ಲವೂ ಪೈಪೋಟಿಗೆ ನಿಂತಿವೆ. ಸಣ್ಣ ವ್ಯಾಪಾರಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಸಿಕ್ಕರೂ ಬರುವವರಲ್ಲಿ ಕೊಳ್ಳುವವರು ಕಡಿಮೆ.

ಅದೇ ಯಾರೋ ‘ಫ್ರೆಂಚ್ ಪ್ರೆಸ್‌ಗೆ ತರಿತರಿ ಕಾಫಿ ಪುಡಿ’ ಅಂತ ಹುಡುಕಿದರು ಅಂದುಕೊಳ್ಳಿ. ಅವರ ಹತ್ತಿರ ಫ್ರೆಂಚ್ ಪ್ರೆಸ್, ಅಂದರೆ ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿಯಿಂದ ಒತ್ತಿ ಕಾಫಿ ಮಾಡುವ ಪಾತ್ರೆ, ಇದೆ. ಬೀಜ ಪುಡಿ ಮಾಡುವ ಗ್ರೈಂಡರ್ ಬಹುಶಃ ಇಲ್ಲ. ಡಬ್ಬಿ ಖಾಲಿಯಾಗುತ್ತಾ ಬಂದಿದೆ. ಹೀಗೆ ಹುಡುಕುವವರು ಎಣಿಕೆಯಲ್ಲಿ ಕಡಿಮೆ, ಆದರೆ ಕೊಳ್ಳಲು ತಯಾರಾಗಿಯೇ ಬಂದವರು. ಎಸ್‌ಇಒ ಅಂದರೆ ಸರ್ಚ್ ಎಂಜಿನ್‌ನಲ್ಲಿ ನಮ್ಮ ಪುಟ ಸರಿಯಾದವರ ಕಣ್ಣಿಗೆ ಬೀಳುವಂತೆ ಮಾಡುವ ಕೆಲಸ. ಸಣ್ಣ ಕಾಫಿ ವ್ಯಾಪಾರ ಈ ಕೆಲಸವನ್ನು ಮಾಡಬೇಕಾದ್ದು ಇಂಥ ಹುಡುಕಾಟಗಳ ಸುತ್ತ.

ಕಾಫಿ ಹುರಿಯುವವರಿಗೆ ತಮ್ಮ ಬೀಜದ ಬಗ್ಗೆ ಬೇಕಾದಷ್ಟು ಗೊತ್ತಿರುತ್ತದೆ. ಯಾವುದು ಹಾಲಿಗೆ ಹೊಂದುತ್ತದೆ, ಯಾವುದು ಕಪ್ಪು ಕಾಫಿಗೇ ಚೆಂದ, ಯಾವುದನ್ನು ಹುರಿದ ಮೇಲೆ ಒಂದು ವಾರ ಬಿಟ್ಟು ಕುಡಿಯಬೇಕು, ಎಲ್ಲವೂ. ತೊಂದರೆ ಏನೆಂದರೆ ಇದೆಲ್ಲ ತಲೆಯಲ್ಲೇ ಇರುತ್ತದೆ. ವೆಬ್‌ಸೈಟ್‌ನಲ್ಲಿ ಮಾತ್ರ ಒಂದು ಚೆಂದದ ಫೋಟೊ, ಒಂದು ಹೆಸರು, ಒಂದು ಬೆಲೆ. ಸರ್ಚ್ ಎಂಜಿನ್‌ಗೆ ರುಚಿ ನೋಡಲು ಬರುವುದಿಲ್ಲ. ಬರೆದದ್ದನ್ನು ಮಾತ್ರ ಅದು ಓದುತ್ತದೆ.

ಗೂಗಲ್ ಏನು ಮಾಡುತ್ತದೆ?

ಕೆಲಸ ಮೂರು ಹಂತದ್ದು. ಮೊದಲನೆಯದು ಕ್ರಾಲಿಂಗ್. ಗೂಗಲ್‌ಬಾಟ್ ಎಂಬ ಪ್ರೋಗ್ರಾಂ ಲಿಂಕ್‌ನಿಂದ ಲಿಂಕ್‌ಗೆ ಹೋಗುತ್ತಾ ಪುಟಗಳನ್ನು ಓದುತ್ತದೆ. ಎರಡನೆಯದು ಇಂಡೆಕ್ಸಿಂಗ್. ಯಾವ ಪುಟದಲ್ಲಿ ಏನಿದೆ ಅಂತ ಗುರುತು ಮಾಡಿ ಇಟ್ಟುಕೊಳ್ಳುತ್ತದೆ. ಮೂರನೆಯದು, ಯಾರಾದರೂ ಹುಡುಕಿದಾಗ ಯಾವ ಪುಟವನ್ನು ಮೇಲೆ ತೋರಿಸಬೇಕು ಎಂದು ತೀರ್ಮಾನಿಸುವುದು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಗೂಗಲ್ ಶುರು ಮಾಡಿದಾಗ ಈ ಮೂರನೆಯ ಹಂತಕ್ಕೆ ಅವರು ತಂದ ಹೊಸ ಉಪಾಯ ಪೇಜ್‌ರ‍್ಯಾಂಕ್. ಒಂದು ಪುಟಕ್ಕೆ ಬೇರೆಯವರು ಲಿಂಕ್ ಕೊಟ್ಟಿದ್ದರೆ ಅದನ್ನು ಶಿಫಾರಸು ಎಂದು ಲೆಕ್ಕ ಹಾಕುವುದು, ಅದರಲ್ಲೂ ಹೆಸರುಳ್ಳವರ ಶಿಫಾರಸಿಗೆ ಜಾಸ್ತಿ ತೂಕ ಕೊಡುವುದು. ಈಗ ನೋಡುವ ಅಂಶಗಳು ಇನ್ನೂ ಎಷ್ಟೋ ಇವೆ. ಆದರೂ ಈ ಮೂಲ ಉಪಾಯ ಹಾಗೇ ಉಳಿದಿದೆ.

ಜಾಹೀರಾತಲ್ಲದ ಸಾಮಾನ್ಯ ಫಲಿತಾಂಶಗಳಲ್ಲಿ ದುಡ್ಡು ಕೊಟ್ಟು ಮೇಲೇರಲು ಆಗುವುದಿಲ್ಲ. ಸಣ್ಣವರಿಗೆ ಇದು ಒಳ್ಳೆಯದೇ. ಜಾಹೀರಾತಿನ ಹಣ ನಿಲ್ಲಿಸಿದ ದಿನವೇ ಆ ಗ್ರಾಹಕರು ನಿಲ್ಲುತ್ತಾರೆ. ಒಳ್ಳೆಯ ಪುಟವೊಂದು ಹಾಗಲ್ಲ, ಬರೆದು ತಿಂಗಳುಗಳಾದ ಮೇಲೂ ಜನರನ್ನು ಕರೆತರುತ್ತಿರುತ್ತದೆ.

ಪ್ಯಾಕೆಟ್‌ನ ಭಾಷೆ, ಗ್ರಾಹಕರ ಭಾಷೆ

ಕಾಫಿ ವ್ಯಾಪಾರದ ಎಸ್‌ಇಒ ಜಾಸ್ತಿ ಎಡವುವುದು ಇಲ್ಲಿ. ಪ್ಯಾಕೆಟ್ ಮೇಲೆ ‘ಮಲ್ಲಿಗೆಯ ಘಮ, ಬ್ಲೂಬೆರಿ, ಕಿತ್ತಳೆ ಸಿಪ್ಪೆ’ ಅಂತ ಇರುತ್ತದೆ. ಕಾಫಿಯ ರುಚಿ ನೋಡಿ ಅಂಕ ಕೊಡುವವರಿಗೆ ಇದು ಅರ್ಥಪೂರ್ಣ. ಆದರೆ ಬ್ಲೂಬೆರಿ ರುಚಿಯ ಕಾಫಿ ಬೇಕು ಅಂತ ಹುಡುಕುವವರು ಎಷ್ಟು ಜನ? ಜನ ಹುಡುಕುವುದು ‘ಹುಳಿ ಇಲ್ಲದ ಕಾಫಿ’, ‘ಹಾಲಿಗೆ ಯಾವ ಕಾಫಿ ಒಳ್ಳೆಯದು’, ‘ಅರೇಬಿಕಾ ರೊಬಸ್ಟಾ ವ್ಯತ್ಯಾಸ’, ‘ಯಾವ ಕಾಫಿಯಲ್ಲಿ ಕೆಫೀನ್ ಜಾಸ್ತಿ’ ಅಂತ.

‘ಮನೆಯಲ್ಲಿ ಮಾಡಿದ ಕಾಫಿ ಯಾಕೆ ಹುಳಿಯಾಗುತ್ತದೆ’ ಎನ್ನುವ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಕಾಫಿಯವರಿಗೆ ಉತ್ತರ ಗೊತ್ತು. ಪುಡಿಯ ಸಾರ ನೀರಿಗೆ ಪೂರ್ತಿ ಇಳಿದಿಲ್ಲ. ಪುಡಿ ತೀರಾ ತರಿಯಾಗಿರಬಹುದು, ನೀರಿನ ಬಿಸಿ ಸಾಲದೇ ಇರಬಹುದು, ಪುಡಿ ನೆನೆದದ್ದು ಕಡಿಮೆಯಾಗಿರಬಹುದು. ಕಹಿಯಾದರೆ ಇದರ ಉಲ್ಟಾ. ಜೊತೆಗೆ, ಕಡಿಮೆ ಹುರಿದ ಬೀಜದಲ್ಲಿ ಹುಳಿ ಸಹಜವಾಗಿಯೇ ಎದ್ದು ಕಾಣುತ್ತದೆ. ಇದನ್ನು ಒಂದು ಪುಟದಲ್ಲಿ ಸರಿಯಾಗಿ ಬರೆದು, ‘ಹುಳಿ ಬೇಡವೇ ಬೇಡ ಅನ್ನುವವರು ನಮ್ಮ ಈ ಮಧ್ಯಮ ರೋಸ್ಟ್ ನೋಡಿ’ ಅಂತ ಆ ಕಾಫಿಯ ಪುಟಕ್ಕೆ ಲಿಂಕ್ ಕೊಟ್ಟರೆ ಸಾಕು. ಓದಲು ಬಂದವರಿಗೆ ಉತ್ತರ ಸಿಕ್ಕಿತು. ಕೊಳ್ಳುವ ಮನಸ್ಸಿದ್ದವರಿಗೆ ದಾರಿಯೂ ಕಾಣಿಸಿತು. ಇದರ ಪಕ್ಕದಲ್ಲಿ ‘ಕಾಫಿಯ ಹತ್ತು ಪ್ರಯೋಜನಗಳು’ ಥರದ ಲೇಖನ ಇಟ್ಟು ನೋಡಿ. ಅದನ್ನು ಯಾರು ಬೇಕಾದರೂ ಬರೆಯಬಹುದು, ಬರೆದೂ ಆಗಿದೆ.

ಗ್ರಾಹಕರ ಮಾತು ಹುಡುಕಲು ಜನ ಹುಡುಕುವ ಪದಗಳನ್ನು, ಅಂದರೆ ಕೀವರ್ಡ್‌ಗಳನ್ನು, ತೋರಿಸುವ ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ. ಕೌಂಟರ್‌ನಲ್ಲಿ ಜನ ಕೇಳುವ ಪ್ರಶ್ನೆ, ವಾಟ್ಸ್ಆ್ಯಪ್‌ಗೆ ಬಂದ ಮೆಸೇಜ್, ರಿವ್ಯೂಗಳಲ್ಲಿ ಬಳಸಿದ ಪದ, ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಗೂಗಲ್‌ನ ಹುಡುಕುವ ಜಾಗದಲ್ಲಿ ಅರ್ಧ ವಾಕ್ಯ ಟೈಪ್ ಮಾಡಿದರೆ ಉಳಿದರ್ಧವನ್ನು ಅದೇ ಸೂಚಿಸುತ್ತದೆ. ಆ ಸೂಚನೆಗಳು ನಿಜವಾದ ಹುಡುಕಾಟಗಳಿಂದ ಬಂದಂಥವು. ಗೂಗಲ್ ಟ್ರೆಂಡ್ಸ್‌ನಲ್ಲಿ ಯಾವ ಪದಕ್ಕೆ ಯಾವ ತಿಂಗಳಲ್ಲಿ ಬೇಡಿಕೆ ಅಂತ ಕಾಣುತ್ತದೆ. ಕೋಲ್ಡ್ ಬ್ರೂ, ಅಂದರೆ ತಣ್ಣೀರಲ್ಲಿ ಗಂಟೆಗಟ್ಟಲೆ ನೆನೆಸಿ ಮಾಡುವ ಕಾಫಿ, ಅದರ ಬಗ್ಗೆ ಜನ ಹುಡುಕುವುದು ಬಿಸಿಲ ತಿಂಗಳುಗಳಲ್ಲಿ. ಅದರ ಪುಟ ಬಿಸಿಲು ಏರುವುದಕ್ಕೆ ಮೊದಲೇ ತಯಾರಿರಬೇಕು, ಏಕೆಂದರೆ ಗೂಗಲ್ ಅದನ್ನು ಓದಿ, ನಂಬಿ, ಮೇಲೆ ತರಲು ಸಮಯ ಬೇಕು.

ಕೀವರ್ಡ್ ಟೂಲ್ ಒಂದು ಪದಕ್ಕೆ ‘ಸೊನ್ನೆ ಹುಡುಕಾಟ’ ಎಂದು ತೋರಿಸಿದರೆ ತಕ್ಷಣ ಕೈಬಿಡಬೇಡಿ. ಆ ಅಂಕಿಗಳು ಅಂದಾಜಿನವು. ಕೌಂಟರ್‌ನಲ್ಲಿ ಒಂದೇ ಪ್ರಶ್ನೆ ಪದೇ ಪದೇ ಬರುತ್ತಿದ್ದರೆ ನಾನು ನಂಬುವುದು ಕೌಂಟರನ್ನು.

ಉತ್ಪನ್ನದ ಪುಟದಲ್ಲೇ ಅರ್ಧ ಕೆಲಸ

ಎಸ್‌ಇಒ ಅಂದ ಕೂಡಲೇ ಎಲ್ಲರೂ ಲೇಖನ ಬರೆಯಲು ಓಡುತ್ತಾರೆ. ದುಡ್ಡು ತರುವ ಪುಟ ಮಾತ್ರ ಖಾಲಿ ಬಿದ್ದಿರುತ್ತದೆ. ಹಸಿ ಬೀಜ ಕೊಟ್ಟ ಸಪ್ಲೈಯರ್ ಬರೆದ ಮೂರು ಸಾಲನ್ನು ಹಾಗೆಯೇ ಅಂಟಿಸಿರುತ್ತಾರೆ. ಅದೇ ಬೀಜ ಕೊಂಡ ಇನ್ನಷ್ಟು ರೋಸ್ಟರ್‌ಗಳೂ ಅದೇ ಸಾಲು ಅಂಟಿಸಿರುತ್ತಾರೆ. ಇದಕ್ಕೆ ಗೂಗಲ್ ಶಿಕ್ಷೆ ಕೊಡುತ್ತದೆ ಅಂತ ಒಂದು ಗಾಳಿಮಾತಿದೆ. ಶಿಕ್ಷೆ ಏನಿಲ್ಲ. ಒಂದೇ ಥರದ ಪುಟಗಳಿದ್ದರೆ ಅವುಗಳಲ್ಲಿ ಒಂದನ್ನು ಆರಿಸಿ ತೋರಿಸುತ್ತದೆ, ಅಷ್ಟೇ. ಆ ಒಂದು ನಿಮ್ಮದಾಗುವ ಸಾಧ್ಯತೆ ಕಡಿಮೆ.

ಹಾಗಾದರೆ ಏನು ಬರೆಯಬೇಕು? ಬೆಳೆದ ಜಾಗ, ಎತ್ತರ, ತಳಿ, ಸಂಸ್ಕರಣೆಯ ವಿಧಾನ ಇರಲೇಬೇಕು. ಆದರೆ ‘ವಾಶ್ಡ್’, ‘ನ್ಯಾಚುರಲ್’, ‘ಹನಿ’ ಅಂತ ಬರೆದು ಬಿಟ್ಟರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ‘ನ್ಯಾಚುರಲ್’ ಪಕ್ಕದಲ್ಲಿ ‘ಹಣ್ಣಿನ ಸಮೇತ ಒಣಗಿಸಿದ್ದು, ಅದಕ್ಕೇ ಹಣ್ಣಿನ ಸಿಹಿ ಎದ್ದು ಕಾಣುತ್ತದೆ’ ಅಂತ ಒಂದು ಸಾಲು ಸೇರಿಸಿದರೆ ಗೂಗಲ್‌ಗೂ ತಿಳಿಯಿತು, ಗ್ರಾಹಕರಿಗೂ ತಿಳಿಯಿತು. ಎಷ್ಟು ಹುರಿದಿದ್ದೀರಿ, ಯಾವ ಸಾಧನಕ್ಕೆ ಸರಿ, ಹಾಲಿಗೆ ಒಪ್ಪುತ್ತದೆಯೇ, ಯಾವತ್ತು ಹುರಿದು ಯಾವತ್ತು ಕಳಿಸುತ್ತೀರಿ. ಆಮೇಲೆ ನೀವೇ ಮಾಡಿ ಕುಡಿದ ಅಳತೆ: ಇಷ್ಟು ಗ್ರಾಂ ಪುಡಿ, ಇಷ್ಟು ನೀರು, ಇಷ್ಟು ಬಿಸಿ. 1 ಪಾಲು ಪುಡಿಗೆ 15ರಿಂದ 17 ಪಾಲು ನೀರು, 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿ ಅನ್ನುವ ಸಾಮಾನ್ಯ ಲೆಕ್ಕ ಎಲ್ಲೆಡೆ ಸಿಗುತ್ತದೆ. ‘ಈ ಬೀಜಕ್ಕೆ 1ಕ್ಕೆ 15ರ ಲೆಕ್ಕವೇ ಸರಿ, ಇನ್ನೂ ನೀರು ಹೆಚ್ಚಾದರೆ ಸಪ್ಪೆ’ ಅನ್ನುವುದು ನಿಮ್ಮ ಹತ್ತಿರ ಮಾತ್ರ ಸಿಗುವ ಮಾಹಿತಿ.

ಪುಟದ ಟೈಟಲ್ ಬಗ್ಗೆ ಎರಡು ಮಾತು. ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಅದೇ. ‘ಸೂರ್ಯೋದಯ’ ಅಂತ ಬ್ಲೆಂಡ್‌ಗೆ ಕಾವ್ಯಮಯ ಹೆಸರಿಟ್ಟು ಟೈಟಲ್‌ನಲ್ಲೂ ಅಷ್ಟೇ ಹಾಕಿದರೆ ಅದು ಯೋಗದ ಕ್ಲಾಸೋ ಕಾಫಿಯೋ ಗೊತ್ತಾಗುವುದಿಲ್ಲ. ‘ಸೂರ್ಯೋದಯ: ಹಾಲಿಗೆ ಒಪ್ಪುವ ಡಾರ್ಕ್ ರೋಸ್ಟ್ ಎಸ್ಪ್ರೆಸೊ ಬ್ಲೆಂಡ್’ ಅಂದರೆ ಸಾಕು. ಟೈಟಲ್ ಕೆಳಗೆ ಕಾಣುವ ಮೆಟಾ ಡಿಸ್ಕ್ರಿಪ್ಷನ್‌ನಿಂದ ರ‍್ಯಾಂಕ್ ಏರುವುದಿಲ್ಲ, ಆದರೆ ಅದನ್ನು ಓದಿ ಜನ ಕ್ಲಿಕ್ ಮಾಡುತ್ತಾರೆ. ಮೆಟಾ ಕೀವರ್ಡ್ಸ್ ಅಂತ ಇನ್ನೊಂದಿದೆ, ಓದುಗರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಬರೆಯುವ ಪದಗಳ ಪಟ್ಟಿ. ಅದನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಇವತ್ತಿಗೂ ಅದನ್ನು ತುಂಬಿಸಿ ಬಿಲ್ ಹಾಕುವವರಿದ್ದಾರೆ.

ಮುಗಿದ ಲಾಟ್‌ನ ಪುಟ ಅಳಿಸಬೇಡಿ

ಇದು ಕಾಫಿಗೇ ವಿಶೇಷವಾದ ತೊಂದರೆ. ಒಂದು ತೋಟದ ಸಣ್ಣ ಲಾಟ್, ಅಂದರೆ ಒಂದು ಕಂತಿನ ಬೀಜ, ಬರುತ್ತದೆ, ಕೆಲವು ವಾರ ಓಡುತ್ತದೆ, ಮುಗಿಯುತ್ತದೆ. ಅಂಗಡಿಯವರು ಪುಟ ಅಳಿಸುತ್ತಾರೆ. ಅಷ್ಟರಲ್ಲಿ ಯಾರೋ ಕಾಫಿ ಪ್ರಿಯರು ಅದನ್ನು ಹೊಗಳಿ ಲಿಂಕ್ ಕೊಟ್ಟಿರುತ್ತಾರೆ, ಗೂಗಲ್ ಕೂಡ ಅದನ್ನು ಮೇಲೆ ತರಲು ಶುರು ಮಾಡಿರುತ್ತದೆ. ಈಗ ಅಲ್ಲಿ 404, ‘ಪುಟ ಸಿಗಲಿಲ್ಲ’. ಮುಂದಿನ ಕೊಯ್ಲಿಗೆ ಅದೇ ತೋಟದ ಕಾಫಿ ಬಂದಾಗ ಹೊಸ ವಿಳಾಸದಲ್ಲಿ ಹೊಸ ಪುಟ. ಮತ್ತೆ ಸೊನ್ನೆಯಿಂದ ಶುರು. ಪ್ರತಿ ವರ್ಷ ಗಿಡ ಕಿತ್ತು ಹೊಸದಾಗಿ ನೆಟ್ಟರೆ ಫಸಲು ಎಲ್ಲಿಂದ ಬರಬೇಕು?

ಮತ್ತೆ ಬರುವ ಕಾಫಿಯಾದರೆ ಪುಟ ಹಾಗೇ ಇರಲಿ. ‘ಈಗ ಮುಗಿದಿದೆ, ಮುಂದಿನ ಕೊಯ್ಲಿನ ನಂತರ ಬರುತ್ತದೆ, ಅಲ್ಲಿಯವರೆಗೆ ಇದಕ್ಕೆ ಹತ್ತಿರದ ರುಚಿ ಇದು’ ಅಂತ ಬರೆದು ಲಿಂಕ್ ಕೊಡಿ. ಸ್ಟಾಕ್ ಬಂದಾಗ ತಿಳಿಸಲು ಇಮೇಲ್ ಕೇಳಿದರೆ ಇನ್ನೂ ಒಳ್ಳೆಯದು. ಇನ್ನೆಂದೂ ಬರದ ಕಾಫಿಯಾದರೆ ಅದನ್ನೇ ಹೋಲುವ ಇನ್ನೊಂದು ಕಾಫಿಯ ಪುಟಕ್ಕೆ 301 ರೀಡೈರೆಕ್ಟ್ ಹಾಕಿ. ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುತ್ತಾರೆ. ಎಲ್ಲವನ್ನೂ ಮುಖಪುಟಕ್ಕೆ ತಳ್ಳುವುದು ಸುಲಭ, ಆದರೆ ಸಂಬಂಧವಿಲ್ಲದ ಪುಟಕ್ಕೆ ತಳ್ಳಿದರೆ ಗೂಗಲ್ ಅದನ್ನೂ 404 ಥರವೇ ನೋಡಬಹುದು.

ನನಗೆ ಇದಕ್ಕಿಂತ ಇಷ್ಟವಾದ ವ್ಯವಸ್ಥೆ ಒಂದಿದೆ. ಪ್ರತಿ ತೋಟಕ್ಕೆ ಒಂದು ಕಾಯಂ ಪುಟ. ವಿಳಾಸದಲ್ಲಿ ವರ್ಷ ಬೇಡ. ಆ ಪುಟದಲ್ಲಿ ತೋಟದ ವಿವರ, ಹಿಂದಿನ ಕೊಯ್ಲುಗಳು ಹೇಗಿದ್ದವು ಅನ್ನುವ ಟಿಪ್ಪಣಿ, ಈಗ ಮಾರಾಟಕ್ಕಿರುವ ಲಾಟ್. ಲಾಟ್ ಬದಲಾಗುತ್ತದೆ, ಪುಟ ಇರುತ್ತದೆ. ನಾಲ್ಕು ಕೊಯ್ಲಿನ ಟಿಪ್ಪಣಿ ಸೇರಿದ ಪುಟವನ್ನು ಯಾರೂ ನಕಲು ಮಾಡಲು ಆಗುವುದಿಲ್ಲ.

ಇದರ ಉಲ್ಟಾ ತೊಂದರೆಯೂ ಉಂಟು, ಪುಟಗಳು ಬೇಕಿಲ್ಲದೆ ಹುಟ್ಟುವುದು. ಒಂದು ಕಾಫಿಗೆ 3 ತೂಕ, 5 ಬಗೆಯ ಗ್ರೈಂಡ್ ಇಟ್ಟರೆ ಕೆಲವು ವೆಬ್‌ಸೈಟ್‌ಗಳು ತಾವಾಗಿ 15 ವಿಳಾಸ ಸೃಷ್ಟಿಸುತ್ತವೆ. ಹದಿನೈದರಲ್ಲೂ ಅದೇ ವಿಷಯ. ‘ಇವೆಲ್ಲಕ್ಕೂ ಮುಖ್ಯ ಪುಟ ಇದು’ ಅಂತ ಗೂಗಲ್‌ಗೆ ಹೇಳುವ ಕ್ಯಾನೊನಿಕಲ್ ಟ್ಯಾಗ್ ಇದೆ, ಅದನ್ನು ಹಾಕಿಸಿ. ಆದರೆ ಎಸ್ಪ್ರೆಸೊ ಪುಡಿ ಅಂತಲೇ ಜನ ಹುಡುಕುತ್ತಾರಾದರೆ ಅದಕ್ಕೆ ಬೇರೆಯೇ ಒಂದು ಪುಟ ಮಾಡುವುದು ಸರಿ. ಅಲ್ಲಿ ಎಸ್ಪ್ರೆಸೊಗೆ ಒಪ್ಪುವ ನಿಮ್ಮ ಎಲ್ಲ ಕಾಫಿಗಳು ಮತ್ತು ಅದಕ್ಕೆ ಬೇಕಾದ ಸಲಹೆ ಇರಬೇಕು.

ಅಂಗಡಿ ಇದ್ದರೆ ಮ್ಯಾಪ್ ಮೊದಲು

ಕೂತು ಕುಡಿಯುವ ಜಾಗ ಅಥವಾ ಅಂಗಡಿ ಇದ್ದವರಿಗೆ ವೆಬ್‌ಸೈಟ್‌ಗಿಂತ ಮುಂಚೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿ ಇರಬೇಕು. 2021ರವರೆಗೆ ಇದರ ಹೆಸರು ಗೂಗಲ್ ಮೈ ಬಿಸಿನೆಸ್. ಇದು ಉಚಿತ. ಮ್ಯಾಪ್‌ನಲ್ಲಿ ಯಾರು ಮೇಲೆ ಬರಬೇಕು ಎನ್ನುವುದಕ್ಕೆ ಗೂಗಲ್ ಹೇಳುವ ಕಾರಣ ಮೂರು: ಹುಡುಕಿದ್ದಕ್ಕೂ ನಿಮಗೂ ಎಷ್ಟು ಸಂಬಂಧ, ಹುಡುಕುವವರಿಂದ ಎಷ್ಟು ದೂರ, ನಿಮಗೆ ಎಷ್ಟು ಹೆಸರಿದೆ. ದೂರ ನಮ್ಮ ಕೈಯಲ್ಲಿಲ್ಲ. ಉಳಿದೆರಡು ಇದೆ.

ಮುಖ್ಯ ಕೆಟಗರಿ ಸರಿಯಾಗಿ ಆರಿಸಿ. ಬೀಜ ಹುರಿದು ಮಾರುವವರು ಬರೀ ‘ಕೆಫೆ’ ಅಂತ ಹಾಕಿದರೆ ಬೀಜ ಹುಡುಕುವವರಿಗೆ ಕಾಣುವುದು ಕಷ್ಟ. ತೆರೆಯುವ ಮುಚ್ಚುವ ಸಮಯ, ಅದರಲ್ಲೂ ರಜಾದಿನದ ಸಮಯ, ತಪ್ಪಿರಬಾರದು. ಮುಚ್ಚಿದ ಬಾಗಿಲ ಮುಂದೆ ಬಂದು ನಿಂತವರು ಒಂದು ಸ್ಟಾರ್ ಕೊಡದೆ ಹೋಗುವುದಿಲ್ಲ. ಮೆನುವನ್ನು ಬರೀ ಫೋಟೊ ಮಾಡಿ ಹಾಕುವ ಬದಲು ಅಕ್ಷರದಲ್ಲಿ ಬರೆಯಿರಿ. ವ್ಯಾಪಾರದ ಹೆಸರಿನಲ್ಲಿ ‘ಬೆಸ್ಟ್ ಕಾಫಿ, ಕೋಲ್ಡ್ ಬ್ರೂ, ವೈಫೈ’ ಅಂತೆಲ್ಲ ತುರುಕುವುದು ನಿಯಮಕ್ಕೆ ವಿರುದ್ಧ, ಪ್ರೊಫೈಲ್ ಅಮಾನತಾಗಬಹುದು. ರಿವ್ಯೂ ಬರೆದರೆ ಒಂದು ಕಪ್ ಉಚಿತ ಅನ್ನುವ ಆಸೆ ತೋರಿಸುವುದೂ ಹಾಗೇ. ಸುಮ್ನೆ ಕೇಳುವುದರಲ್ಲಿ ತಪ್ಪಿಲ್ಲ, ಕೇಳಿ. ಕೆಟ್ಟ ರಿವ್ಯೂಗೂ ಸಮಾಧಾನವಾಗಿ ಉತ್ತರ ಕೊಡಿ, ಅದನ್ನು ಓದುವವರು ಮುಂದಿನ ಗ್ರಾಹಕರು.

ಆನ್‌ಲೈನ್‌ನಲ್ಲಿ ಮಾತ್ರ ಮಾರುವವರಿಗೆ, ಅಂದರೆ ಗ್ರಾಹಕರನ್ನು ಎದುರಾಬದುರು ಕಾಣದ ವ್ಯಾಪಾರಕ್ಕೆ, ಈ ಪ್ರೊಫೈಲ್ ಇಲ್ಲ. ಅವರು ಉತ್ಪನ್ನದ ಪುಟಗಳನ್ನೇ ನಂಬಬೇಕು.

ತಾಂತ್ರಿಕ ಸಂಗತಿ, ಚುಟುಕಾಗಿ

ಗೂಗಲ್ ಈಗ ನೋಡುವುದು ನಿಮ್ಮ ಸೈಟ್‌ನ ಮೊಬೈಲ್ ರೂಪವನ್ನು. ಅದು ಮೊಬೈಲ್‌ನಲ್ಲಿ ಸರಿಯಾಗಿ ತೆರೆಯಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟ ಗುರಿ. ಕಾಫಿ ಸೈಟ್‌ಗಳಲ್ಲಿ ಇದಕ್ಕೆ ಅಡ್ಡ ಬರುವುದು ಹೆಚ್ಚಾಗಿ ದೊಡ್ಡ ದೊಡ್ಡ ಫೋಟೊಗಳು ಮತ್ತು ಮುಖಪುಟದಲ್ಲಿ ತಾನಾಗಿ ಓಡುವ ವಿಡಿಯೊ. ಫೋಟೊ ಚಿಕ್ಕದು ಮಾಡಿ, ಕಡಿಮೆ ಗಾತ್ರದ ವೆಬ್‌ಪಿ ಫೈಲ್ ರೂಪಕ್ಕೆ ತನ್ನಿ. ಚಿತ್ರದಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟ್‌ನಲ್ಲಿ ಬರೆಯಿರಿ, ಕಣ್ಣು ಕಾಣದವರಿಗೂ ಅದು ಬೇಕು. ಬೆಲೆ, ಸ್ಟಾಕ್, ರಿವ್ಯೂ ಇವನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವ ಸ್ಟ್ರಕ್ಚರ್ಡ್ ಡೇಟಾ ಇದ್ದರೆ ಫಲಿತಾಂಶದಲ್ಲೇ ಬೆಲೆ, ಸ್ಟಾರ್ ಕಾಣಿಸಬಹುದು. ರೆಡಿಮೇಡ್ ಆನ್‌ಲೈನ್ ಅಂಗಡಿ ಬಳಸುವವರಿಗೆ ಇದರಲ್ಲಿ ಬಹುಪಾಲು ಮೊದಲೇ ಸಿದ್ಧವಿರುತ್ತದೆ. ಇದರಲ್ಲೇ ತಿಂಗಳು ಕಳೆಯಬೇಡಿ.

ಲಿಂಕ್ ಕೇಳಲು ನಾಚಿಕೆ ಯಾಕೆ?

ಲಿಂಕ್ ಮಾರುವ ಇಮೇಲ್‌ಗಳು ಎಲ್ಲರಿಗೂ ಬರುತ್ತವೆ. ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳುವುದು ಗೂಗಲ್‌ನ ಸ್ಪ್ಯಾಮ್ ನೀತಿಗೆ ವಿರುದ್ಧ. ಫಲಿತಾಂಶ ಆರಿಸುವ ಲೆಕ್ಕದಲ್ಲಿ ಗೂಗಲ್ 2012ರಲ್ಲಿ ತಂದ ಪೆಂಗ್ವಿನ್ ಅಪ್‌ಡೇಟ್ ಇಂಥ ಸೈಟ್‌ಗಳನ್ನೇ ಹಿಡಿದು ಕೆಳಗೆ ಇಳಿಸಿತ್ತು. ಕಾಫಿ ವ್ಯಾಪಾರಕ್ಕೆ ಅದರ ಅಗತ್ಯವೂ ಇಲ್ಲ. ನಿಮ್ಮ ಬೀಜ ಬಳಸುವ ಕೆಫೆಗಳಿವೆ, ಬೇಕರಿಗಳಿವೆ. ಅವರ ಸೈಟ್‌ನಲ್ಲಿ ‘ನಾವು ಬಳಸುವ ಕಾಫಿ ಇವರದು’ ಅಂತ ಒಂದು ಸಾಲು ಹಾಕಲು ಕೇಳಬಹುದು. ನೀವು ‘ನಮ್ಮ ಕಾಫಿ ಎಲ್ಲೆಲ್ಲಿ ಸಿಗುತ್ತದೆ’ ಅನ್ನುವ ಪುಟದಲ್ಲಿ ಅವರ ಹೆಸರು ಹಾಕಿ. ಬೀಜ ಬೆಳೆದವರು, ಗ್ರೈಂಡರ್ ಮಾರುವವರು, ನೀವು ಕಾಫಿ ಕೊಟ್ಟ ಕಾರ್ಯಕ್ರಮ ನಡೆಸಿದವರು, ಎಲ್ಲರಿಗೂ ನಿಮ್ಮ ಬಗ್ಗೆ ಹೇಳಲು ನಿಜವಾದ ಕಾರಣ ಇದೆ. ಕೇಳದಿದ್ದರೆ ಅವರಿಗೆ ನೆನಪಾಗುವುದಿಲ್ಲ, ಅಷ್ಟೇ.

ಎಐ ಉತ್ತರ ಕೊಡುವ ಕಾಲದಲ್ಲಿ

2024ರ ಮೇನಲ್ಲಿ ಗೂಗಲ್ ಅಮೆರಿಕದಲ್ಲಿ ಎಐ ಓವರ್‌ವ್ಯೂ ಶುರು ಮಾಡಿತು, ಆಮೇಲೆ ಬೇರೆ ದೇಶಗಳಿಗೂ ತಂದಿತು. ಪ್ರಶ್ನೆಗೆ ಎಐ ಬರೆದ ಉತ್ತರ ಫಲಿತಾಂಶದ ಮೇಲೇ ಬರುತ್ತದೆ. ‘ಪೋರ್ ಓವರ್‌ಗೆ (ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವ ಕಾಫಿ) ಎಷ್ಟು ಪುಡಿ’ ಅಂತ ಕೇಳಿದವರು ಅಲ್ಲೇ ಓದಿ ಹೋಗಬಹುದು. ಹಾಗಾಗಿ ಸಾಮಾನ್ಯ ಮಾಹಿತಿಯ ಪುಟಗಳಿಂದ ಜಾಸ್ತಿ ನಿರೀಕ್ಷೆ ಬೇಡ. ಎಐನಿಂದಲೇ ನೂರಾರು ಲೇಖನ ಬರೆಸಿ ತುಂಬಿಸುವುದಂತೂ ಬೇಡವೇ ಬೇಡ. ರ‍್ಯಾಂಕ್‌ಗಾಗಿ ರಾಶಿ ರಾಶಿ ಪುಟ ಹುಟ್ಟಿಸುವುದನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಮನುಷ್ಯರು ಬರೆದರೂ, ಯಂತ್ರ ಬರೆದರೂ ನಿಯಮ ಒಂದೇ. ಆದರೆ ಎಐ ಉತ್ತರ ಓದಿದವರಿಗೂ ಕೊನೆಗೆ ಕಾಫಿಯನ್ನು ಯಾರ ಹತ್ತಿರವಾದರೂ ಕೊಳ್ಳಲೇಬೇಕಲ್ವಾ? ಕೊಳ್ಳುವ ಹುಡುಕಾಟ ಇನ್ನೂ ಪುಟಕ್ಕೆ ಬರುತ್ತದೆ. ಒಂದೇ ಬೀಜವನ್ನು ಮೂರು ಬಗೆಯಲ್ಲಿ ಹುರಿದು, ಫೋಟೊ ಸಮೇತ ವ್ಯತ್ಯಾಸ ಬರೆದ ಪುಟಕ್ಕೂ ಬೆಲೆ ಇದೆ.

ಕೆಲಸ ಆಗುತ್ತಿದೆಯಾ ಅಂತ ನೋಡುವುದು

ಗೂಗಲ್ ಸರ್ಚ್ ಕನ್ಸೋಲ್ ಉಚಿತ ಸಾಧನ. ಯಾವ ಹುಡುಕಾಟಕ್ಕೆ ನಿಮ್ಮ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಕ್ಲಿಕ್ ಮಾಡಿದರು, ಸರಾಸರಿ ಎಷ್ಟನೆಯ ಸ್ಥಾನ, ಎಲ್ಲ ಅದರಲ್ಲಿದೆ. ಮೊದಲು ನೋಡಬೇಕಾದ್ದು 8ರಿಂದ 20ನೆಯ ಸ್ಥಾನದಲ್ಲಿ ಇದ್ದು ತುಂಬಾ ಸಲ ಕಂಡ ಹುಡುಕಾಟಗಳನ್ನು. ಅವು ಬಾಗಿಲ ಹತ್ತಿರವೇ ಇವೆ. ಆ ಪುಟದ ಟೈಟಲ್ ತಿದ್ದಿ, ಬಿಟ್ಟುಹೋದ ಉತ್ತರ ಸೇರಿಸಿ, ನಿಮ್ಮದೇ ಬೇರೆ ಪುಟಗಳಿಂದ ಅದಕ್ಕೆ ಲಿಂಕ್ ಕೊಡಿ. ಹೊಸ ಲೇಖನ ಬರೆಯುವುದಕ್ಕಿಂತ ಇದರಿಂದ ಬೇಗ ಫಲ ಸಿಗುತ್ತದೆ.

ಬೇಗ ಅಂದರೂ ಎಸ್‌ಇಒ ನಿಧಾನದ ಕೆಲಸ. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು ಅಂತ ಗೂಗಲ್‌ನವರೇ 2017ರ ಒಂದು ವಿಡಿಯೊದಲ್ಲಿ ಹೇಳಿದ್ದರು. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಆಗುವುದಿಲ್ಲ ಅಂತಲೂ ಗೂಗಲ್ ಹೇಳುತ್ತದೆ. ಒಂದು ತಿಂಗಳಲ್ಲಿ ನಂಬರ್ ಒನ್ ಮಾಡಿಕೊಡುತ್ತೇವೆ ಅಂತ ಬರುವವರನ್ನು ನಂಬಬೇಡಿ. ಅವರು ನಂಬರ್ ಒನ್ ಮಾಡುವುದು ಯಾರೂ ಹುಡುಕದ ಪದಕ್ಕೆ ಅಥವಾ ನಿಮ್ಮದೇ ಅಂಗಡಿಯ ಹೆಸರಿಗೆ.

ಅಂಗಡಿಯ ಹೆಸರು ಹುಡುಕಿದವರನ್ನೂ ಬೇರೆ ಪದಗಳಿಂದ ಬಂದವರನ್ನೂ ಬೇರೆ ಬೇರೆ ಎಣಿಸಿ. ಎರಡೂ ಬೇಕು, ಆದರೆ ಹೇಳುವ ಕತೆ ಬೇರೆ. ಬೇರೆ ಪದಗಳಿಂದ ಬಂದವರು ಮೊದಲ ಪ್ಯಾಕೆಟ್ ಕೊಳ್ಳುತ್ತಾರೆ. ಪ್ಯಾಕೆಟ್ ಮುಗಿದಾಗ ಮತ್ತೆ ಬೇಕು ಅನಿಸಿದವರು ನಿಮ್ಮ ಹೆಸರನ್ನೇ ಟೈಪ್ ಮಾಡುತ್ತಾರೆ. ಕಾಫಿಯ ಬೇಡಿಕೆ ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಈ ತಿಂಗಳನ್ನು ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಕನ್ಸೋಲ್ ಕೊಡುವುದು 16 ತಿಂಗಳ ಅಂಕಿಅಂಶ ಮಾತ್ರ, ಹಳೆಯದು ಬೇಕೆಂದರೆ ಆಗಾಗ ಡೌನ್‌ಲೋಡ್ ಮಾಡಿಡಿ. ಹೊಸಬರ ಹುಡುಕಾಟ ಏರುತ್ತಲೇ ಇದ್ದು, ವರ್ಷ ಕಳೆದರೂ ನಿಮ್ಮ ಹೆಸರಿನ ಹುಡುಕಾಟ ನಿಂತಲ್ಲೇ ನಿಂತಿದ್ದರೆ, ಇನ್ನೊಂದು ಲೇಖನ ಬರೆಯಲು ಕೂರಬೇಡಿ. ಹುರಿಯುವ ಹದ, ಪ್ಯಾಕಿಂಗ್, ಕಳಿಸಲು ಹಿಡಿಯುವ ದಿನಗಳನ್ನು ಒಮ್ಮೆ ನೋಡಿ.